ಅಪ್ಪ ಆಟ ನೋಡಲು ಬಂದ ದಿನ

ಧನುಶ್ರೀ ಸಿಟ್ಟಿನಲ್ಲೇ ಫುಟ್‌ಬಾಲ್ ಆಡುವವಳು. ದೊಡ್ಡಬಳ್ಳಾಪುರದ ಕಾಲೇಜು ತಂಡದಲ್ಲಿ ಅವಳಷ್ಟು ಗೋಲು ಹೊಡೆದವರು ಇನ್ನೊಬ್ಬರಿಲ್ಲ. ಚೆಂಡು ಕಾಲಿಗೆ ಸಿಕ್ಕರೆ ಸಾಕು, ಅಪ್ಪ ಗೋಪಾಲಪ್ಪನ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು: "ಹೆಣ್ಮಗು ಚೆಂಡು ಒದ್ರೆ ಯಾವ ಊರು ಉದ್ಧಾರ ಆಗ್ತದೆ?" ತಗೋ ಉತ್ತರ ಅನ್ನುವಂತೆ ಒದೆಯುತ್ತಿದ್ದಳು. ಆಟ ಮುಗಿದ ಮೇಲೆ ಮೈಯೂ ಸುಸ್ತು, ಮನಸ್ಸೂ ಸುಸ್ತು. ವರ್ಷಗಟ್ಟಲೆ ಸಿಟ್ಟು ಹೊತ್ತುಕೊಂಡು ಓಡುವುದೇನು ಹುಡುಗಾಟವೇ?

ಇವತ್ತು ರಾಜ್ಯ ಶಿಬಿರಕ್ಕೆ ಆಯ್ಕೆಯ ಪಂದ್ಯ. ಇದು ತಪ್ಪಿದರೆ ಮುಂದಿನ ವರ್ಷ ವಯಸ್ಸು ಮೀರುತ್ತದೆ. ಕೋಚ್ ಪ್ರಮೋದಾ ಮೇಡಂ ಒಳ್ಳೆಯದು ಮಾಡಲೆಂದೇ ಹೋದರು, ಪಾಪ. ಹುಡುಗಿಗೆ ಹುರುಪು ಬರಲೆಂದು ಗೋಪಾಲಪ್ಪ ನೇಯುವ ಮಗ್ಗದ ಶೆಡ್ಡಿಗೇ ಹೋಗಿ, ಅವನನ್ನು ಪುಸಲಾಯಿಸಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದರು.

ಧನುಶ್ರೀ ತಿರುಗಿ ನೋಡಿದರೆ ಗೆರೆಯಾಚೆ ಅಪ್ಪ! ತಲೆಯ ಮೇಲೆ ನೂಲಿನ ಧೂಳು, ಕೈಯಲ್ಲಿ ಗ್ಲೂಕೋಸ್ ಪೊಟ್ಟಣ. ಮಗ್ಗದ ಸದ್ದಿನಲ್ಲೇ ಬದುಕಿದವನಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ.

"ಹೊಡಿ ಕಣವ್ವಾ!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ.

ಅಷ್ಟೇ. ಅವಳ ಸಿಟ್ಟು ಎಲ್ಲಿ ಹೋಯಿತೋ! ಎದುರಿಗೆ ಖಾಲಿ ಗೋಲು ಇದ್ದರೂ ಚೆಂಡು ಪಕ್ಕಕ್ಕೆ ಹೋಯಿತು. ಇನ್ನೊಂದೂ ಹಾಗೇ ಹೋಯಿತು. ಕಾಲು ಏಳುತ್ತಲೇ ಇರಲಿಲ್ಲ.

ವಿರಾಮದಲ್ಲಿ ಮೇಡಂ ಓಡಿಬಂದರು. "ಏನಾಯ್ತೇ ನಿಂಗೆ? ಅಪ್ಪನೇ ಬಂದವ್ರೆ, ಆಡಿ ತೋರ್ಸು!"

"ಯಾಕ್ ಕರ್ಕೊಂಡ್ಬಂದ್ರಿ ಮೇಡಂ?" ಅಂದವಳು ಸೀದಾ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ಒಂದ್ಸಲ ಬೈಯಿ."

"ಯಾಕವ್ವಾ?"

"ಮನೇಲಿ ಬೈತೀಯಲ್ಲ, ಹಂಗೇ. ಯಾವ ಊರು ಉದ್ಧಾರ ಆಗ್ತದೆ ಅನ್ನು. ನಿನ್ ಕಾಲಿಗೆ ಬೀಳ್ತೀನಿ."

ಗೋಪಾಲಪ್ಪನ ಮುಖ ಸಣ್ಣಗಾಯಿತು. "ತಿಳೀದೆ ಅಂದಿದ್ದೆ ಬಿಡವ್ವಾ. ಎಷ್ಟ್ ಚೆನ್ನಾಗಿ ಓಡ್ತೀಯ ನೀನು! ನಂಗೇನ್ ಗೊತ್ತಿತ್ತು?"

ಇಷ್ಟು ವರ್ಷ ಅವಳು ಕೇಳಬೇಕೆಂದು ಹಂಬಲಿಸಿದ್ದ ಮಾತು ಅದು. ಇವತ್ತೇ ಬರಬೇಕಿತ್ತೇ? ಅವಳಿಗೆ ಅಳು ಬಂತು, ಸಂತೋಷವೂ ಆಯಿತು.

ಸಂಜೆ ಓದಿದ ಹೆಸರುಗಳಲ್ಲಿ ಅವಳದ್ದಿರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳ ಬ್ಯಾಗು ಅಪ್ಪನ ಹೆಗಲ ಮೇಲಿತ್ತು.

"ಬೇಜಾರ್ ಮಾಡ್ಕೋಬೇಡ ಕಣವ್ವಾ," ಅಂದ ಗೋಪಾಲಪ್ಪ, ದಾರಿಯವರೆಲ್ಲ ತಿರುಗಿ ನೋಡುವಂತೆ. "ಇಷ್ಟ್ ವರ್ಷ ನಾನ್ ನೋಡಕ್ ಬರ್ಲಿಲ್ಲ ಅಂತ್ಲೇ ಇವತ್ತು ನಿಂಗೆ ಧೈರ್ಯ ಸಾಲ್ಲಿಲ್ಲ. ಇನ್ಮೇಲೆ ಎಲ್ಲಾ ಆಟಕ್ಕೂ ಬರ್ತೀನಿ."

ಧನುಶ್ರೀಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

"ಬಾರಪ್ಪಾ," ಅಂದಳು.