ಒಳಗಿನ ಚಿಲಕ

ಯಾರ ಮನೆಗೆ ಹೋದರೂ ಅವರು ಮೊದಲು ಮಾತಾಡಿಸುವುದು ಬಾಗಿಲನ್ನು; ಮನೆಯವರ ಸರದಿ ಆಮೇಲೆ. ಹೊಸ್ತಿಲಲ್ಲಿ ನಿಂತು, ಕದವನ್ನು ಅರ್ಧ ತೆರೆದು ಅರ್ಧ ಮುಚ್ಚಿ, ಕೀಲಿನ ನರಳಾಟಕ್ಕೆ ಕಿವಿಗೊಟ್ಟು, ಚಿಲಕದ ಮೇಲೆ ಹೆಬ್ಬೆರಳಾಡಿಸಿ, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಿಂದ ಒಮ್ಮೆ ತಲೆದೂಗಿದ ಮೇಲೆಯೇ ಒಳಗೆ ಮನುಷ್ಯರೂ ಇದ್ದಾರೆಂಬುದು ಅವರಿಗೆ ನೆನಪಾಗುತ್ತದೆ. "ನನ್ನನ್ನ ನೋಡೋಕೆ ಬಂದ ದಿನಾನೂ ನಮ್ಮಪ್ಪನ ಮನೆ ಅಗುಳಿ ನೋಡ್ಕೊಂಡು ಹೋದ್ರು. ಒಪ್ಪಿಗೆ ಅಂತ ಹೇಳಿ ಕಳ್ಸಿದ್ದು ನನಗೋ ಅದಕ್ಕೋ, ಇವತ್ತಿಗೂ ಗೊತ್ತಾಗಿಲ್ಲ" ಎಂದು ಅವರ ಹೆಂಡತಿ ಈಗಲೂ ಅಣಕಿಸುತ್ತಾರೆ.

ಬೀದಿಗೆಲ್ಲ ಅವರು ಕೀಲಿ ಮಾಮ. ನನ್ನ ಕಬ್ಬಿಣದ ಸಾಮಾನಿನ ಅಂಗಡಿಯ ಪಕ್ಕದಲ್ಲಿ, ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕಾದಂಥ ಗೂಡೊಂದರಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಬೀಗ ರಿಪೇರಿ ಮಾಡುತ್ತಿದ್ದಾರೆ. ಬಲಹೆಗಲಿನ ಚೀಲದ ಭಾರಕ್ಕೆ ಎಡಕ್ಕೆ ವಾಲಿ ನಡೆದು ರೂಢಿಯಾಗಿ, ಚೀಲವಿಲ್ಲದ ದಿನವೂ ಎಡಕ್ಕೇ ವಾಲುತ್ತಾರೆ. ಮೂಲ ಬಣ್ಣ ಇಂಥದೆಂದು ಯಾರೂ ಪ್ರಮಾಣ ಮಾಡಿ ಹೇಳಲಾರದ ಕೋಟಿನ ಜೇಬು ತುಂಬ ಒಡೆಯರಿಲ್ಲದ ಕೀಲಿಕೈಗಳು; ಮಾಮ ಬರುವ ಮೊದಲೇ ಅವರ ಸದ್ದು ಬಂದು ಕೂತಿರುತ್ತದೆ.

ಇಷ್ಟನ್ನು ಸಹಿಸಬಹುದಿತ್ತು. ನೆರೆಯ ವ್ಯಾಪಾರಿಯಾಗಿ ನನಗೆ ನುಂಗಲಾರದ ತುತ್ತಾಗಿದ್ದುದು ಅವರ ಪ್ರಶ್ನೆ. ನನ್ನಲ್ಲಿ ಚಿಲಕ ಕೊಂಡವರು ಅದನ್ನು ಕೂರಿಸಲು ಕರೆದರೆ, "ಒಳಗಡೆಗೋ ಹೊರಗಡೆಗೋ?" ಎನ್ನುವರು. ಹೊರಗಡೆಗೆ ಎಂದರೆ, "ಒಳಗೆ ಯಾರು ಮಲಗ್ತಾರೆ?" ಉಗ್ರಾಣವೆಂದರೆ ಹೊರಡುವರು. ಕೆಲಸದವರೆಂದರೆ ಚೀಲ ಮೂಲೆ ಸೇರುವುದು, ಗಿರಾಕಿ ಚಿಲಕ ವಾಪಸು ಕೊಡಲು ನನ್ನ ಮುಂದೆ ಬಂದು ನಿಲ್ಲುವುದು.

"ನಿಮ್ಮ ಧರ್ಮ ನಿಮ್ಮ ಗೂಡಲ್ಲೇ ಇರ್ಲಿ ಮಾಮ, ನನ್ನ ಅಂಗಡಿಗೆ ಯಾಕೆ ತರ್ತೀರಿ?" ಎಂದಿದ್ದೆ.

"ಇದು ಕಸುಬಿನ ಮಾತು ಸಾವ್ಕಾರ್ರೇ. ಮನುಷ್ಯರು ಮಲಗೋ ಕೋಣೆಗೆ ಚಿಲಕ ಒಳಗಿರ್ಬೇಕು. ಹೊರಗಿದ್ರೆ ಅದಕ್ಕೆ ಪೆಟ್ಟಿಗೆ ಅಂತಾರೆ. ಪೆಟ್ಟಿಗೆ ಕೆಲ್ಸ ಬಡಗಿದು."

ಆ ಪ್ರಶ್ನೆಗೆ ಬಂದ ಉತ್ತರಗಳೂ ಪೋಲಾಗುತ್ತಿರಲಿಲ್ಲ. ಇಸ್ತ್ರಿ ಅಂಗಡಿಯ ಅಕ್ಕ ಬೀದಿಯ ಏಳೆಂಟು ಹೆಂಗಸರನ್ನು ಸೇರಿಸಿ ಒಂದು ಸಂಘ ಕಟ್ಟಿದ್ದರು. ಕೂಡಿಹಾಕಿ ದುಡಿಸಿಕೊಳ್ಳುವ ಜಾಗಗಳನ್ನು ಪತ್ತೆಹಚ್ಚಿ, ಅಲ್ಲಿರುವವರನ್ನು ಬಿಡಿಸಿ, ಅವರ ಕಾಲಿಗೆ ನೆಲ ಸಿಗುವವರೆಗೆ ಜೊತೆಗಿರುವುದು ಅದರ ಕೆಲಸ. ಊರಿನಲ್ಲಿ ಯಾವ ಬಾಗಿಲಿನ ಚಿಲಕ ಹೊರಗಿದೆ ಎಂಬುದನ್ನು ಮಾಮನಿಗಿಂತ ಬಲ್ಲವರು ಯಾರು?

ಹಿಂದಿನ ಬೀದಿಯ ಮೊಂಬತ್ತಿ ಕಾರ್ಖಾನೆಯನ್ನು ತೋರಿಸಿದ್ದೂ ಅವರೇ. ಗುರುತಿನ ಚೀಟಿ ಕಿತ್ತುಕೊಂಡು ಆರು ಹೆಂಗಸರನ್ನು ಮಹಡಿಯ ಕೋಣೆಯಲ್ಲಿಟ್ಟಿದ್ದರು. ಅಕ್ಕ ದೂರು ಕೊಟ್ಟರು, ಕಾರ್ಮಿಕ ಅಧಿಕಾರಿ ಬಂದರು. ಆದರೆ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ಮಾಲೀಕ ಆರೂ ಜನರನ್ನು ಹಿಂಬಾಗಿಲಿಂದ ವ್ಯಾನಿಗೆ ತುಂಬಿ ಸಾಗಿಸಿಬಿಟ್ಟಿದ್ದ. ಅಧಿಕಾರಿಗೆ ಸಿಕ್ಕಿದ್ದು ಆರು ಖಾಲಿ ಚಾಪೆ. ಹೆಂಗಸರನ್ನು ಮರಳಿ ತಂದ ಮೇಲೆ ಮಾಲೀಕನೇ ನನ್ನಂಗಡಿಗೆ ಬಂದು, "ಗಟ್ಟಿಯಾದ ಚಿಲಕ ಕೊಡಿ" ಎಂದ. ಇದ್ದುದರಲ್ಲೇ ಗಟ್ಟಿಯಾದದ್ದನ್ನು ನಾನು ಕೊಟ್ಟೆ. ಮಾಮ ಆ ದಿನ ಏನನ್ನೂ ಕೇಳದೆ ಚೀಲವೆತ್ತಿಕೊಂಡು ಹೊರಟಾಗ, ಕೊನೆಗೂ ಮನುಷ್ಯನಿಗೆ ವ್ಯವಹಾರಜ್ಞಾನ ಬಂತು ಎಂದು ಸಂತೋಷಪಟ್ಟವನೂ ನಾನೇ.

ಮಾಮ ಕೂರಿಸಿದ್ದು ಎರಡು ಚಿಲಕ. ಹೊರಗೆ ಹೇಳಿದ್ದನ್ನು ಹಾಕಿ, ಮಾಲೀಕ ಫೋನು ಹಿಡಿದು ಕೆಳಗಿಳಿದಾಗ ಕೋಟಿನಿಂದ ಇನ್ನೊಂದನ್ನು ತೆಗೆದು ಹೆಂಗಸರನ್ನು ಕೇಳಿದರಂತೆ: "ಒಳಗೂ ಒಂದು ಹಾಕ್ಲಾ? 'ವ್ಯಾನ್ ಹತ್ತಿ' ಅಂದ ತಕ್ಷಣ ಎಳ್ಕೊಂಡು ಕೂರಿ. ಎಳೆಯೋ ಕೈ ನಿಮ್ದು, ಅದಕ್ಕೇ ಕೇಳ್ತಿದ್ದೀನಿ." ಆರು ಜನ ಮುಖ ಮುಖ ನೋಡಿಕೊಂಡರು. ಹಿರಿಯಾಕೆ ಹೇಳಿದ್ದು ಇಷ್ಟೇ: "ಮೇಲ್ಗಡೆ ಹಾಕಿ ಮಾಮ. ಅಲ್ಲಿ ಬಟ್ಟೆ ನೇತಾಕ್ತೀವಿ, ಕಾಣಲ್ಲ."

ಮೂರನೆಯ ವಾರ ಅಕ್ಕ ಮತ್ತೆ ದೂರು ಕೊಟ್ಟರು, ಸುದ್ದಿ ಮತ್ತೆ ಮುಂಚೆ ಬಂತು, ಮಾಲೀಕ ಮತ್ತೆ ವ್ಯಾನ್ ಎಂದ. ಹೊರಗಿನ ಚಿಲಕ ತೆಗೆದರೂ ಬಾಗಿಲು ಅಲುಗಲಿಲ್ಲ. ಒದ್ದ, ಬೈದ. "ನಾವೂ ಎಳೀತಿದ್ದೀವಿ ಯಜಮಾನ್ರೇ, ಬರ್ತಾನೇ ಇಲ್ಲ" ಎಂದು ಒಳಗಿನಿಂದ ಅತಿ ವಿನಯದ ಉತ್ತರ. ಬಾಗಿಲು ಸಿಕ್ಕಿಹಾಕಿಕೊಂಡರೆ ಮನುಷ್ಯ ಯಾರ ಹತ್ತಿರ ಓಡಬೇಕು? ಓಡಿದ್ದು ಕೀಲಿ ಮಾಮನ ಗೂಡಿಗೇ.

ಅಷ್ಟು ನಿಧಾನವಾಗಿ ಮಾಮ ನಡೆದದ್ದನ್ನು ನಾನು ಕಂಡಿಲ್ಲ. ಮಹಡಿಯ ಬಾಗಿಲ ಮುಂದೆ ಕೂತು ಉಳಿ ಆರಿಸಿದರು, ಎಣ್ಣೆ ಬಿಟ್ಟರು, ಎಣ್ಣೆ ಇಳಿಯಲೆಂದು ಕಾದರು.

"ಇನ್ನೂ ಎಷ್ಟು ಹೊತ್ತಯ್ಯಾ?"

"ಗಟ್ಟಿಯಾದ್ದೇ ಬೇಕು ಅಂದಿದ್ರಲ್ಲ ಸ್ವಾಮಿ. ಗಟ್ಟಿ ಮಾಲಿಗೆ ಹೊತ್ತು ಹಿಡಿಯುತ್ತೆ."

ಅಧಿಕಾರಿಯ ಜೀಪು ಬಂದಾಗ ಮಾಮ ಎರಡನೆಯ ಸಲ ಎಣ್ಣೆ ಬಿಡುತ್ತಿದ್ದರು. ಇಸ್ತ್ರಿ ಅಕ್ಕ ಮುಂದೆ ಬಂದು, "ನಾನಮ್ಮಾ, ಬಾಗ್ಲು ತೆಗೀರಿ" ಎಂದರು. ಒಳಗಿನ ಚಿಲಕ ಸರಿಯಿತು. ಅಧಿಕಾರಿಯ ಎದುರಿಗೆ ಆರೂ ಜನ ನಡೆದು ಬಂದರು. ಕೆಳಗಿನ ಮೇಜಿನ ಡ್ರಾಯರಿನಿಂದ ಆರೂ ಗುರುತಿನ ಚೀಟಿಗಳು ಹೊರಬಂದವು.

ನಾಲ್ವರು ತಮ್ಮ ತಮ್ಮ ಮನೆ ಸೇರಿದರು. ಇಬ್ಬರು ನನ್ನ ಅಂಗಡಿಯ ಮಹಡಿಯಲ್ಲಿದ್ದಾರೆ. ಬಣ್ಣದ ಡಬ್ಬಗಳನ್ನು ಇಳಿಸಿ ಆ ಕೋಣೆಯನ್ನು ಸಂಘಕ್ಕೆ ಬಿಟ್ಟುಕೊಟ್ಟೆ. ಯಾಕೆಂದು ಯಾರೂ ಕೇಳಲಿಲ್ಲ, ಕೇಳದಿದ್ದುದೇ ಒಳ್ಳೆಯದಾಯಿತು. ಹಿರಿಯಾಕೆ ಹಗಲು ಮಾಮನ ಗೂಡಿನಲ್ಲಿ ನಕಲಿ ಕೀಲಿ ಉಜ್ಜುತ್ತಾರೆ. ಕೈ ಚುರುಕು, ಬಾಯಿ ಇನ್ನೂ ಚುರುಕು. "ಬೇಗ ಬೇಗ ಮಾಮ, ಇಲ್ಲಿ ಯಾವ ಜೀಪೂ ಬರಲ್ಲ" ಎಂದು ಅವರು ಗದರಿದರೆ ಮಾಮ ತೃಪ್ತಿಯಿಂದ ಬೈಸಿಕೊಳ್ಳುತ್ತಾರೆ.

ಲೋಕೋದ್ಧಾರಕ್ಕೆ ಹೊರಟವರನ್ನು ನಾನು ಸಾಕಷ್ಟು ನೋಡಿದ್ದೇನೆ. ಚಂದಾ ಕೊಟ್ಟು ಕಳಿಸಿದ್ದೇನೆ. ಇದು ಬೇರೆಯೇ ಕುಲ. ಒಂದು ಕಸುಬನ್ನು ಹಿಡಿದು ತಳ ಮುಟ್ಟುವವರೆಗೂ ಇಳಿಯುವವರು ಇವರು. ನಮ್ಮಂಥವರು ನಡುದಾರಿಯಲ್ಲಿ ಲಾಭ ಕಂಡಲ್ಲೇ ಅಂಗಡಿ ಹೂಡಿಬಿಡುತ್ತೇವೆ. ತಳದವರೆಗೆ ಹೋದವರಿಗೆ, ಅದು ಬೀಗವಾಗಲಿ ಇಸ್ತ್ರಿಯಾಗಲಿ, ಅಲ್ಲಿ ಒಬ್ಬ ಮನುಷ್ಯ ಕಾಣಿಸುತ್ತಾನೆ. ಕಂಡ ಮೇಲೆ ಕಾಣದವರಂತೆ ಇರುವ ವಿದ್ಯೆಯೊಂದನ್ನು ಮಾತ್ರ ಇವರು ಎಷ್ಟು ವಯಸ್ಸಾದರೂ ಕಲಿಯುವುದಿಲ್ಲ.