ಅಪ್ಪನ ಪರವಾಗಿ ಒಂದು ಕ್ಷಮಾಪಣೆ

ಅಪ್ಪ ತನ್ನ ಹಣಕಾಸಿನ ವ್ಯವಹಾರವನ್ನೆಲ್ಲ ನನಗೆ ಒಪ್ಪಿಸಿ ಪವರ್ ಆಫ್ ಅಟಾರ್ನಿ ಬರೆದುಕೊಟ್ಟ ದಿನ ವಕೀಲರು, "ನೋಡಮ್ಮ, ಇನ್ಮೇಲೆ ನಿನ್ನ ಸಹಿ ಅಂದ್ರೆ ಅವರ ಸಹಿ" ಎಂದರು. ಅಪ್ಪ ಅದನ್ನು ಅಳತೆ ಮೀರಿ ನಂಬಿದ. ಮರುದಿನವೇ ಹಲ್ಲಿನ ಡಾಕ್ಟರ ಹತ್ತಿರ ತನ್ನ ಬದಲು ಬೈಸಿಕೊಂಡು ಬರಲು ನನ್ನನ್ನು ಕಳಿಸಿದ. ಯಾಕೆಂದು ಕೇಳಿದರೆ, "ಪವರ್ ನಿನ್ನ ಹತ್ರ ಇದೆಯಲ್ಲ" ಎಂದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ನಮ್ಮ ಮನೆಯಲ್ಲಿ ತಿರುವುಮುರುವು.

ನಿಜವಾದ ತಲೆನೋವು ಅಪ್ಪನ ಕಣ್ಣು. ಪೊರೆ ಬಲಿತು, ಬಾಗಿಲು ಯಾವುದು ಬೀರು ಯಾವುದು ತಿಳಿಯದಂತಾಗಿತ್ತು. ಇನ್ನೂ ತಡ ಮಾಡಿದರೆ ದೃಷ್ಟಿ ಉಳಿಯುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. ಆಪರೇಷನ್ನಿಗೆ ಬೇಕಾದ ಹಣ ಬ್ಯಾಂಕಿನಲ್ಲೇ ಇತ್ತು, ಅಂಗಡಿ ಮಾರಿ ಬಂದದ್ದು. ಆದರೆ ಆ ಖಾತೆ ಅಪ್ಪ ಮತ್ತು ಕತ್ತರಿ ಮಾವ ಇಬ್ಬರದು. ಇಬ್ಬರ ಸಹಿಯೂ ಬೀಳದೆ ಬಿಡಿಗಾಸು ಹೊರಬರದು.

ಕತ್ತರಿ ಮಾವ ಅಪ್ಪನ ಹೊಲಿಗೆ ಅಂಗಡಿಯ ಪಾಲುದಾರ. ಅವನು ಬಟ್ಟೆ ಕತ್ತರಿಸುವುದು, ಅಪ್ಪ ಹೊಲಿಯುವುದು. ಒಮ್ಮೆ ಒಬ್ಬ ಮದುವೆ ಗಂಡಿನ ಕೋಟಿನ ಒಂದು ತೋಳು ಗಿಡ್ಡವಾಯಿತು. ಕತ್ತರಿಸಿದ್ದು ತಪ್ಪು ಎಂದ ಅಪ್ಪ, ಹೊಲಿದದ್ದು ತಪ್ಪು ಎಂದ ಮಾವ. ಅಂದು ನಿಂತ ಮಾತು ಮತ್ತೆ ಹೊರಡಲಿಲ್ಲ. ಆದರೂ ಅಂಗಡಿ ಮುಚ್ಚುವವರೆಗೆ ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು, ಹೇಳಬೇಕಾದ್ದನ್ನು ಗಿರಾಕಿಗಳ ಬಾಯಲ್ಲಿ ಹೇಳಿಸಿದರು. ಪ್ಯಾಂಟಿನ ಅಳತೆ ಕೊಡಲು ಬಂದವನನ್ನು ಹಿಡಿದು, "ಆ ದಾರದುಂಡೆ ಈ ಕಡೆ ಕೊಡ್ಬೇಕಂತೆ ಅಂತ ಅವರಿಗೆ ಹೇಳಿ ಸ್ವಲ್ಪ" ಎನ್ನುತ್ತಿದ್ದರು.

ಚೆಕ್ಕಿಗೆ ಅಪ್ಪನ ಪರವಾಗಿ ಸಹಿ ಹಾಕಿ ಮಾವನ ಮನೆಗೆ ಹೋದೆ. ಮಾವ ಅದನ್ನು ಬಟ್ಟೆಯ ಹಾಗೆ ಬೆಳಕಿಗೆ ಹಿಡಿದು ನೋಡಿ, "ಹೊಲಿಗೆ ತಪ್ಪಿತ್ತು ಅಂತ ನಿಮ್ಮಪ್ಪ ಒಪ್ಕೊಳ್ಲಿ, ಸಹಿ ಮಾಡ್ತೀನಿ" ಎಂದ.

ಅಪ್ಪನಿಗೆ ಬಂದು ಹೇಳಿದೆ.

"ಕುರುಡಾದ್ರೂ ಸರಿ, ಒಪ್ಕೊಳ್ಳಲ್ಲ. ಕಣ್ಣು ಹೋದ್ರೆ ಅವನ ಮುಖ ನೋಡೋ ಕರ್ಮವಾದ್ರೂ ತಪ್ಪುತ್ತೆ."

ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಈ ಮನುಷ್ಯ ನಿಜಕ್ಕೂ ಕುರುಡಾಗಿಯೇ ಬಿಡುತ್ತಾನೆಂದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಬಡವಾದದ್ದು ಮಾತ್ರ ನಾನು.

ಮರುದಿನ ಮತ್ತೆ ಹೋಗಿ ಪವರ್ ಪತ್ರವನ್ನು ಮಾವನ ಮುಂದಿಟ್ಟೆ.

"ಅಪ್ಪನ ಪರವಾಗಿ ಹೇಳ್ತಿದ್ದೀನಿ ಮಾವ. ತೋಳು ಕೆಟ್ಟಿದ್ದು ಹೊಲಿಗೇಲೇ. ತಪ್ಪು ನಮ್ಮದು, ಕ್ಷಮಿಸ್ಬೇಕು."

ವಕೀಲರು ಕೇಳಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಆ ಪತ್ರದಲ್ಲಿ ತೋಳಿನ ಸುದ್ದಿಯೇ ಇರಲಿಲ್ಲ.

ಮಾವ ಗೆದ್ದೆನೆಂದು ಬೀಗುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಬಿಳುಚಿಕೊಂಡಿತು.

"ಅವನೇ ಹೇಳಿದ್ನಾ?"

"ನನ್ನ ಮಾತು ಅಂದ್ರೆ ಅಪ್ಪನ ಮಾತೇ ಅಲ್ವಾ ಮಾವ?"

"ಹಾಗಾದ್ರೆ ಅವನಿಗೆ ಕಣ್ಣಲ್ಲ, ಬೇರೇನೋ ಆಗಿದೆ. ಡಾಕ್ಟ್ರು ಎಷ್ಟು ದಿನ ಅಂದಿದ್ದಾರೆ? ಮುಚ್ಚಿಡ್ಬೇಡ."

ಉತ್ತರಕ್ಕೂ ಕಾಯದೆ ಚೆಕ್ಕಿನ ಮೇಲೆ ಸಹಿ ಗೀಚಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಮೆಟ್ಟಿಕೊಂಡು ಹೊರಟೇಬಿಟ್ಟ. ನಾನು ಹಿಂದೆ ಓಡಿದೆ.

ಅಪ್ಪ ಹಜಾರದಲ್ಲಿ ಕೂತು ರೇಡಿಯೋದ ಗುಂಡಿ ತಡಕುತ್ತಿದ್ದ. ಮಾವ ಆ ಕೈಯನ್ನೇ ಹಿಡಿದುಕೊಂಡ. "ಲೋ, ಕತ್ತರಿಸಿದ್ದೇ ತಪ್ಪಾಗಿತ್ತು ಕಣೋ. ಅವತ್ತೇ ಗೊತ್ತಿತ್ತು ನಂಗೆ" ಎಂದು ಅತ್ತ.

ಅಪ್ಪ ಹೌಹಾರಿದ. ನನ್ನನ್ನು ಎಳೆದುಕೊಂಡು ಕಿವಿಯಲ್ಲಿ, ಬೀದಿಗೆಲ್ಲ ಕೇಳುವಂತೆ ಪಿಸುಗುಟ್ಟಿದ.

"ಇವನಿಗೇನೋ ದೊಡ್ಡ ಕಾಯಿಲೆ ಕಣೇ. ಇಲ್ದಿದ್ರೆ ಒಪ್ಕೊಳ್ಳೋ ಪೈಕಿ ಅಲ್ಲ ಇವನು. ಆ ದುಡ್ಡಲ್ಲಿ ಮೊದ್ಲು ಇವನನ್ನ ಡಾಕ್ಟ್ರಿಗೆ ತೋರಿಸು. ನನ್ನ ಕಣ್ಣು ಆಮೇಲೆ."

"ನಂಗೇನಾಗಿದೆ? ಸಾಯೋನು ನೀನು" ಎಂದ ಮಾವ.

"ನಾನ್ಯಾಕೆ ಸಾಯ್ಲಿ? ತಪ್ಪೊಪ್ಕೊಂಡಿದ್ದು ನೀನು."

"ಮೊದ್ಲು ಒಪ್ಕೊಂಡಿದ್ದು ನೀನು."

"ನಾನಾ?" ಅಪ್ಪನ ಮಂಜುಗಣ್ಣು ನನ್ನ ಕಡೆ ತಿರುಗಿತು.

ಬೈಗುಳಕ್ಕೆ ನಾನು ಕಾಯಲಿಲ್ಲ. ಅಪ್ಪ ಕೊಟ್ಟ ಅಧಿಕಾರವನ್ನು ಅಪ್ಪನ ಮಾತಿಗೇ ವಿರುದ್ಧವಾಗಿ ಚಲಾಯಿಸಿ, ಅಂದೇ ಬ್ಯಾಂಕಿಗೆ ಹೋಗಿ, ಅಲ್ಲಿಂದ ನೇರವಾಗಿ ಕಣ್ಣಾಸ್ಪತ್ರೆಗೆ ಹಣ ಕಟ್ಟಿ ಬಂದೆ. ತಿರುಗಿ ಬಂದಾಗಲೂ ಇಬ್ಬರೂ ಜಗಳವಾಡುತ್ತಲೇ ಇದ್ದರು, ಮುಖಕ್ಕೆ ಮುಖ ಕೊಟ್ಟು.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮಾವ ಮಂಚದ ಪಕ್ಕದಲ್ಲಿ ನಿಂತಿದ್ದ. ಅಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ, ಬಹಳ ಹೊತ್ತು ನೋಡಿದ.

"ಎಷ್ಟು ಮುದುಕ ಆಗ್ಬಿಟ್ಟಿದ್ದೀಯೋ."

"ನೀನು ನೋಡ್ತಿರ್ಲಿಲ್ವಲ್ಲ" ಎಂದ ಮಾವ. "ಅದಕ್ಕೇ ಆದೆ."