ಬನ್ನಿಗೆ ಹೋದ ಎರಡು ಮೋಟಾರು

ಮೋಟಾರು ಅಂಬೋದು ಹುಟ್ಟಿದ್ದು ಯುರೋಪಿನಾಗ ಅಂತ ನನ್ನ ಗಂಡ. ಹುಟ್ಟಿಸಿದವರು ಯಾರಾದರೇನು, ಸಾಕಿ ದೊಡ್ಡದು ಮಾಡಿದ್ದು ಅಮೆರಿಕಾ ಅಂತ ನಮ್ಮಣ್ಣ. ಪ್ರತಿ ಐತವಾರ ಸುಲ್ತಾನ್ ಬಜಾರಿನ ನಮ್ಮ ಮನ್ಯಾಗ ಇದೇ ರಾಮಾಯಣ. ಚಹಾ ಮಾಡಿ ಮಾಡಿ ಸಾಕಾಗಿ ಒಮ್ಮೆ ಕೇಳೇಬಿಟ್ಟೆ, "ಇಬ್ಬರಾಗ ಒಬ್ಬರಾದರೂ ಲಂಡನ್ ನೋಡೀರೇನು, ಅಮೆರಿಕಾ ನೋಡೀರೇನು? ಬೀದರ್ ದಾಟಿ ಹೋದವರಲ್ಲ, ಏನು ಜಗಳಾ ನಿಮ್ಮದು." ಇಬ್ಬರೂ ನಕ್ಕರು. ಚಹಾ ಮುಗಿಸಿ ಮತ್ತ ಶುರು ಮಾಡಿದರು.

ಆಂಧ್ರ ಪ್ರದೇಶ ಆಗಿ ನಾಕೈದು ವರ್ಷ ಆಗಿತ್ತು. ನವಾಬರ ಡೇವಡಿ, ಅಂದರ ಅವರ ದೊಡ್ಡ ಬಂಗಲೆ, ಒಂದೊಂದೇ ಖಾಲಿ ಆಗಾಕತ್ತಿದ್ದವು. ಝೂಮರು ದೀಪ, ಕುರ್ಚಿ, ಮೋಟಾರು ಎಲ್ಲಾ ಹರಾಜಿಗೆ ಬರ್ತಿದ್ದವು. ನಮ್ಮಣ್ಣ ಸೂಗಪ್ಪಂದು ಕಾಚಿಗುಡದಾಗ ಬ್ಯಾಳಿ ವ್ಯಾಪಾರ. ಅಂಥಾದೊಂದು ಹರಾಜಿನಾಗ ಅಂವ ಶೆವರ್ಲೆ ತಂದ. ಓಣ್ಯಾಗ ಹೊಳ್ಳಸಾಕ ಬರ್ತಿದ್ದಿಲ್ಲ, ಅಷ್ಟು ದೊಡ್ಡದು. ಹಿಂದ ಮುಂದ ತೊಲಿಯಂಥ ಬಂಪರು. ಅದನ್ನ ನೋಡಿ ನನ್ನ ಗಂಡ ವೈಜನಾಥರಿಗೆ ನಿದ್ದಿ ಹತ್ತಲಿಲ್ಲ. ಅಬಿಡ್ಸಿನಾಗ ಅರಿವಿ ಅಂಗಡಿ ಅವರದು. ತಿಂಗಳದೊಳಗ ಒಬ್ಬ ಡಾಕ್ಟರ ಕಡೆಯಿಂದ ಆಸ್ಟಿನ್ ತಂದು ನಿಲ್ಲಿಸಿದರು. ಎರಡೂ ಮನಿತನದಾಗ ಅವೇ ಮೊದಲ ಮೋಟಾರು.

ನಮ್ಮಣ್ಣ ಆಸ್ಟಿನ್ನಿಗೆ ಸಬಕಾರದ ಡಬ್ಬಿ ಅಂತಿದ್ದ. ಇವರು ಶೆವರ್ಲೆಗೆ ಪೆಟ್ರೋಲ್ ಕುಡಿಯೋ ಕೋಣ ಅಂತಿದ್ದರು. ಅಂತೂ ನನ್ನ ತವರು ಅಮೆರಿಕಾ ಆತು, ಗಂಡನ ಮನಿ ಯುರೋಪಾತು. ನಡುವ ಚಹಾದ ತಾಟು ಹಿಡಕೊಂಡು ನಿಲ್ಲೂದು ನನ್ನ ಹಣ್ಯಾಗ ಬರದಿತ್ತು.

ಆ ವರ್ಷ ದಸರಾಕ್ಕ ಚಾಷ್ಟಿ ಪಂಥಕ್ಕ ಹೋತು. ದಸರಾದ ದಿನ ಊರ ಸೀಮಿ ದಾಟಿ, ಬನ್ನಿ ಗಿಡಕ್ಕ ಕೈಮುಗದು, ಎಲಿ ತಂದು ಬಂಗಾರ ಅಂತ ಹಂಚೂದು ನಮ್ಮ ಪದ್ಧತಿ. ನಮ್ಮ ಮಂದಿ ಹೋಗ್ತಿದ್ದದ್ದು ಉಪ್ಪಲ್ಲಿಗೆ. ಈಗ ಅಲ್ಲಿ ಕ್ರಿಕೆಟ್ ಆಡ್ತಾರಂತ. ಆಗ ಬರೇ ಹೊಲ, ಬಂಡಿಗಲ್ಲು. ಯಾರ ಮೋಟಾರು ಮೊದಲು ಬನ್ನಿ ಗಿಡ ಮುಟ್ಟತೈತೋ ಅಂವ ಗೆದ್ದಂಗ. ಸೋತಾಂವ ಅಬಿಡ್ಸಿನ ಪೋಸ್ಟಾಫೀಸಿನ ಮುಂದ, ಹತ್ತು ಮಂದಿ ಕಣ್ಣೆದುರು, ಗೆದ್ದಾಂವನ ಗಾಡಿ ತೊಳೀಬೇಕು. ಅಂಗಡಿ ಗುಮಾಸ್ತರಿಗೆಲ್ಲ ಸುದ್ದಿ ಆತು. ಹಿಂದಕ್ಕ ಸರಿಯೋ ದಾರಿ ಇಬ್ಬರೂ ತಾವೇ ಮುಚ್ಚಿಕೊಂಡರು.

ದಸರಾದ ಹಿಂದಿನ ದಿನ ಖಂಡೆ ಪೂಜಿ. ಮನ್ಯಾಗಿನ ಕಬ್ಬಿಣ ಎಲ್ಲಾ ಮಣಿ ಮ್ಯಾಲ ಏರ್ತೈತಿ. ಕತ್ತರಿ, ಗಜಕಡ್ಡಿ, ಈಳಿಗಿ, ಮೋಟಾರಿನ ನಟ್ಟು ಬಿಗಿಯೋ ಪಾನಾ ಸುದ್ದಾ. ಒಮ್ಮೆ ವಿಭೂತಿ ಕುಂಕುಮ ಬಿತ್ತಂದರ, ಮರುದಿನ ಬನ್ನಿ ಮನಿಗೆ ಬಂದು ಅವುಗಳ ಮ್ಯಾಲ ಬೀಳೂತನಕ ಯಾರೂ ಮುಟ್ಟಂಗಿಲ್ಲ. ನಮ್ಮ ಅತ್ತಿ ಪಾರ್ವತಿಬಾಯಿ ಈ ವಿಷಯದಾಗ ಭಾಳ ಬಿರುಸು. ಮಾವನವರು ಒಂದು ವರ್ಷ ಪೂಜಿ ಮುರದು ಕತ್ತರಿ ಎತ್ತಿದ್ದರಂತ, ಅದೇ ವರ್ಷ ತೀರಿಹೋದರಂತ. ಕತ್ತರಿಗೂ ಅವರ ಕ್ಷಯಕ್ಕೂ ಏನು ಸಂಬಂಧಾನೋ ಶಿವನಿಗೇ ಗೊತ್ತು. ಆಕಿ ಮಾತ್ರ ಅದನ್ನ ಗಟ್ಟಿ ನಂಬಿದ್ದಳು.

ಆವತ್ತು ಮುಂಜಾನೆ ಇವರು ಆಸ್ಟಿನ್ ತೊಳದರು, ಒರೆಸಿದರು, ಅಷ್ಟಕ್ಕ ಸಮಾಧಾನ ಆಗಲಿಲ್ಲ. ಪೂಜಿಗೆ ಕೂಡೋ ಗಾಡಿ ಒಳಗೂ ಸ್ವಚ್ಛ ಇರಬೇಕಂತ ಹಿಂದಿನ ಗಾಲಿ ಬಿಚ್ಚಿ ಬ್ರೇಕೂ ಬಿಚ್ಚಿದರು. ಬ್ರೇಕಿಗೆ ಏನೂ ಆಗಿರಲಿಲ್ಲ, ಸುಮ್ಕ ಇದ್ದದ್ದನ್ನ ಕೆದರಿದರು. ಗಾಲಿ ತಿರುಗಿ ಹಾಕಿದ್ದರು, ಗಾಡಿ ಕೆಳಗ ಬ್ರೇಕಿನ ಎಣ್ಣಿ ಹರಿಯೋ ನಳಗಿ ಬಿಗಿಯೂದು ಬಾಕಿ ಇತ್ತು, ಅಷ್ಟರಾಗ ಅತ್ತಿ ತಾಟು ಹಿಡಕೊಂಡು ಬಂದಳು.

"ಪಾನಾ ಕೊಡಪಾ, ಹೊತ್ತು ಮೀರಾಕತ್ತೈತಿ."

"ಒಂದು ನಟ್ಟು ಉಳದೈತವ್ವ, ತಡಿ."

"ನಾಳೆ ಬನ್ನಿ ಬಂದಮ್ಯಾಲ ಬಿಗಕೋ. ಓಡಿ ಹೋಕ್ಕೈತೇನು ನಟ್ಟು?"

ತಾಯಿಗೆ ಎದುರು ಮಾತಾಡೋ ಮಗ ಅಲ್ಲ ಅವರು. ಪಾನಾ ಕೊಟ್ಟರು. ಅತ್ತಿ ಅದನ್ನ ಮಣಿ ಮ್ಯಾಲ ಇಟ್ಟು ಕುಂಕುಮ ಹಚ್ಚಿದಳು.

ದಸರಾದ ಮುಂಜಾನೆ ರಂಗೋಲಿ ಹಾಕಾಕ ಹೊರಗ ಬಂದೆ. ಗಾಡಿ ಕೆಳಗ ಎಣ್ಣಿ ಮಡುಗಟ್ಟಿತ್ತು. ಇವರನ್ನ ಕರದೆ. ಬಂದು ಒಳಗ ಕುಂತು ಬ್ರೇಕ್ ತುಳದರು. ಕೆಸರಾಗ ಕಾಲಿಟ್ಟಂಗ ಪೆಡಲ್ ತಳಕ್ಕ ಹೋತು. 

"ಅತ್ತಿಗೆ ಹೇಳ್ರಿ, ಪಾನಾ ಕೊಡ್ತಾಳ," ಅಂದೆ.

"ಪೂಜಿ ಮುರೀತಿಯೇನು? ಆಕಿ ಅನ್ನ ಬಿಡ್ತಾಳ."

"ಹಂಗಾದರ ಚಾದರ್‌ಘಾಟಿನ ಮಿಯಾಸಾಬರನ್ನ ಕರೀರಿ. ಅವರ ಅಂಗಡಿಗೆ ಖಂಡೆ ಪೂಜಿ ಇಲ್ಲಲ್ಲ, ಅವರ ಪಾನಾ ಅವರ ಕೈಯಾಗೇ ಇರತೈತಿ."

ಇವರು ಆಚೆ ಈಚೆ ನೋಡಿ ಸಣ್ಣ ದನಿ ತಗದರು. "ನಿಮ್ಮಣ್ಣನ ಗಾಡಿನೂ ಅವನೇ ರಿಪೇರಿ ಮಾಡೂದು. ಮಧ್ಯಾಹ್ನದೊಳಗ ಕಾಚಿಗುಡಕ್ಕ ಸುದ್ದಿ ಮುಟ್ಟತೈತಿ, ಯುರೋಪಿನ ಗಾಡಿ ಮಲಗೇತಿ ಅಂತ. ಹ್ಯಾಂಡ್ ಬ್ರೇಕ್ ಐತಿ, ಗೇರ್ ಅದಾವ. ನಾ ನಡಸ್ತೀನಿ, ನೀ ಸುಮ್ನಿರು."

ಹ್ಯಾಂಡ್ ಬ್ರೇಕೂ ಒಂದೇ ಗಾಲಿ ಹಿಡೀತಿತ್ತು, ಇನ್ನೊಂದನ್ನ ಅವರೇ ಸಡಲ ಮಾಡಿದ್ದರು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮದುವಿ ಆಗಿ ಮೂರು ವರ್ಷ ಆಗಿತ್ತು. ವಿಧವಿ ಆಗಾಕ ನನಗ ಮನಸಿರಲಿಲ್ಲ, ಅದೂ ಒಂದು ನಟ್ಟಿನ ಸಲುವಾಗಿ.

ಅವ್ವಗ ಹೋಳಿಗಿ ಕೊಟ್ಟು ಬರ್ತೀನಂತ ನೆವಾ ಹೇಳಿ ರಿಕ್ಷಾ ಹತ್ತಿ ಕಾಚಿಗುಡಕ್ಕ ಹೋದೆ. ಅಣ್ಣ ಶೆವರ್ಲೆಗೆ ಚೆಂಡು ಹೂವಿನ ಮಾಲಿ ಕಟ್ಟಾಕತ್ತಿದ್ದ. ಹೇಳಿದೆ. ಮೊದಲು ಹೊಟ್ಟಿ ಹಿಡಕೊಂಡು ನಕ್ಕ. ನನ್ನ ಮುಖ ನೋಡಿ ನಗೂದು ನಿಲ್ಲಿಸಿದ.

"ನಾ ಬರಂಗಿಲ್ಲಂತ ಹೇಳಿ ಕಳಸ್ತೀನಿ, ಆತಿಲ್ಲೋ?"

"ನೀ ಬರದಿದ್ದರ ಅವರು ಒಬ್ಬರೇ ಹೋಗಿ ಗೆದ್ದು ಬರ್ತಾರ. ಎಲ್ಲಿ ನಿಲ್ತಾರಣ್ಣ, ಹೆಂಗ ನಿಲ್ತಾರ? ರಾಮಂತಾಪುರ ದಾಟಿದಮ್ಯಾಲ ಇಳಕಲು ಐತಿ. ಕೆಳಗ ಜಾತ್ರಿಯಂಥ ಮಂದಿ ಇರತೈತಿ."

ಅಣ್ಣ ಮಾಲಿ ಕೆಳಗಿಟ್ಟ.  ಆಮ್ಯಾಲ ಶೆವರ್ಲೆಯ ಹಿಂದಿನ ಬಂಪರ್ ಮ್ಯಾಲ ಕೈಯಿಟ್ಟು ಹೇಳಿದ. "ನಾ ಮುಂದ ಇರ್ತೀನಿ. ಅವರನ್ನ ಮುಂದ ಬಿಡಂಗಿಲ್ಲ. ಮೆಲ್ಲಕ ನಡಸ್ತೀನಿ. ಅವರ ಡಬ್ಬಿ ಬಂದು ಬಡದರ ಇದಕ್ಕ ಬಡೀಲಿ, ಇದು ತಡಕೊಂತೈತಿ. ನೀ ಮಾತ್ರ ಬಾಯಿ ಬಿಡಬ್ಯಾಡ ಗಿರಿಜಾ. ಅವರ ಮಾನಾನೂ ಉಳೀಬೇಕು."

ಮಧ್ಯಾಹ್ನ ಎರಡೂ ಗಾಡಿ ಕಾಚಿಗುಡದಿಂದ ಹೊಂಟವು. ಹಟ ಮಾಡಿ ನಾನೂ ಆಸ್ಟಿನ್ನಿನಾಗ ಕುಂತೆ. ಬಾಜೂಕ ಹೆಂಡ್ತಿ ಕುಂತರ ಸ್ವಲ್ಪ ಹೆದರಿ ನಡಸ್ಯಾರು ಅಂತ ನನ್ನ ಲೆಕ್ಕ. ಎಂಥಾ ಲೆಕ್ಕ! ಅಂಬರ್‌ಪೇಟ್ ಬರೂದರಾಗ ಇವರ ಕಿವಿ ಕೆಂಪಗಾಗಿದ್ದವು. ಅಣ್ಣನ ಗಾಡಿ ರಸ್ತಾ ತುಂಬ ನಿಂತು ಬಸುರಿ ಎಮ್ಮಿಯಂಗ ಹೊಂಟಿತ್ತು. ಇವರು ಹಾರ್ನ್ ಹೊಡೆದರು, ಎಡಕ್ಕ ಹೋದರು, ಬಲಕ್ಕ ಹೋದರು. ಅಂವ ಜಾಗಾ ಬಿಡಲಿಲ್ಲ.

"ಮೋಸಾ ಮಾಡಾಕತ್ತಾನ ನಿಮ್ಮಣ್ಣ. ಇದೇ ಏನು ಅಮೆರಿಕಾದ ಮರ್ಯಾದಿ," ಅಂದರು.

ನಾ ಶಿವಶಿವಾ ಅಂತ ಕುಂತಿದ್ದೆ. ರಾಮಂತಾಪುರ ಹಿಂದ ಬಿತ್ತು. ಇಳಕಲು ಕಂಡಿತು. ಕೆಳಗ ರಸ್ತಾದ ತುಂಬ ಮಂದಿ, ಹೊಸ ಸೀರಿ, ಹೆಗಲ ಮ್ಯಾಲ ಕೂಸುಗಳು, ಎತ್ತಿನ ಬಂಡಿ. ಎಲ್ಲಾರೂ ನಮ್ಮ ಕಡೆ ಬೆನ್ನು ಮಾಡಿ ಬನ್ನಿ ಗಿಡದ ಕಡೆ ಹೊಂಟಿದ್ದರು.

ಇಳಕಲಿನಾಗ ನಮ್ಮ ಗಾಡಿ ತಾನೇ ಓಡಾಕ ಹತ್ತಿತು. ಇವರು ಗೇರ್ ಹಾಕಾಕ ನೋಡಿದರು, ಬೀಳಲಿಲ್ಲ, ಕರ್ರಂತ ಒದರಿತು. ಹ್ಯಾಂಡ್ ಬ್ರೇಕ್ ಎಳೆದರು. ಗಾಡಿ ನಿಲ್ಲಲಿಲ್ಲ. ಅಣ್ಣ ಕಿಡಕಿಯಿಂದ ಕೈ ಹೊರಗ ಹಾಕಿ, ಬರ್ಲಿ ಬರ್ಲಿ ಅಂತ ಬೀಸಿದ. ನಮ್ಮ ಬಂಪರ್ ಅವನ ಬಂಪರಿಗೆ ತಾಕಿತು. ಒಮ್ಮೆ, ಮತ್ತೊಮ್ಮೆ. ಅಂವ ನಮ್ಮನ್ನ ಬೆನ್ನ ಮ್ಯಾಲ ಹೊತ್ತವರಂಗ ಮೆಲ್ಲಕ ಮೆಲ್ಲಕ ಬ್ರೇಕ್ ತುಳದ. ಅರ್ಧ ಇಳಕಲಿನಾಗ ಎರಡೂ ನಿಂತವು. ಮಂದಿ ಇನ್ನೂ ದೂರ ಇದ್ದರು, ಯಾರಿಗೂ ಏನೂ ಆಗಿರಲಿಲ್ಲ. ನನಗ ಅಳು ಬಂತು. ಇವರು ಹ್ಯಾಂಡ್ ಬ್ರೇಕ್ ಪೂರಾ ಎಳದು ಹಂಗೇ ಹಿಡಕೊಂಡು ಕುಂತಿದ್ದರು.

ಬಂಪರು ಒಂದಕ್ಕೊಂದು ಸಿಕ್ಕೊಂಡಿದ್ದವು. ಬಿಡಿಸಾಕಂತ ಅಣ್ಣ ತನ್ನ ಗಾಡಿ ಎರಡು ಮಾರು ಮುಂದ ತಗೊಂಡ. ನಮ್ಮದು ಇದ್ದಲ್ಲೇ ನಿಂತಿತು. ಅಣ್ಣ ಇಳದ. ರಸ್ತಾದ ಬದೀಗೆ ಬಿದ್ದಿದ್ದ ಒಂದು ಕಲ್ಲು ಎತ್ತಿಕೊಂಡು ಎರಡೂ ಗಾಡಿ ನಡುವ ಬಂದು, ನಮ್ಮ ಮುಂದಿನ ಗಾಲಿಗೆ ಅಡ್ಡ ಇಟ್ಟ. 

ಹಿಂದಿನಿಂದ ಬಂದ ಟಾಂಗಾದವನು ಗಾಡಿ ನಿಲ್ಲಿಸಿದ್ದ. ಅದರಾಗ ಕುಂತವರು ಅಬಿಡ್ಸಿನ ಮಂದಿ, ನಮ್ಮ ಅಂಗಡಿ ಗಿರಾಕಿಗಳು. ಅವರಾಗ ಒಬ್ಬ ಕೇಳಿದ, "ಏನು ಸಾವ್ಕಾರ್ರ, ಬ್ರೇಕಿಲ್ಲೇನು?"

ಇವರು ನನ್ನ ಕಡೆ ಹೊಳ್ಳಿ ನೋಡಿದರು. ಎಲ್ಲಾ ತಿಳೀತು ಅವರಿಗೆ. "ನೀ ಹೇಳಿದಿ," ಅಂದರು.  ಬಾಗಿಲಾ ಧಡ್ಡಂತ ಬಡದು ಇಳದು ಹೋದರು. ಇಂಜಿನ್ ಚಾಲೂ ಇತ್ತು, ಗಾಡಿ ನಡುಗಾಕತ್ತಿತ್ತು.

"ಯಾರ ಗಾಡಿಗೆ ಕಲ್ಲು ಇಡ್ತೀರಿ ಸೂಗಪ್ಪನವರ? ನಾ ಏನು ಬಂಡಿ ಹೊಡಿಯಾಂವನೇನು?" ಅಂದು ಆ ಕಲ್ಲಿಗೆ ಝಾಡಿಸಿ ಒದ್ದರು. ಅದು ಉರುಳಿ ಶೆವರ್ಲೆ ಕೆಳಗ ಹೋತು.

"ಆಮ್ಯಾಲ ಬೈರಿ ವೈಜನಾಥರ," ಅಂದ ಅಣ್ಣ. "ಗಾಡ್ಯಾಗ ತಂಗಿ ಕುಂತಾಳ." ಅಂದು ಮತ್ತ ಬಗ್ಗಿದ. ಕಲ್ಲು ತಗಿಯಾಕ ಮಣಕಾಲೂರಿ ಕೈ ಚಾಚಿದ.

ಆವಾಗ ಹ್ಯಾಂಡ್ ಬ್ರೇಕು ಬಿಟ್ಟಿತು. ನಾ ಎರಡೂ ಕೈಲೆ ಹಿಡದು ಎಳದೆ. ಏನೂ ಭಾರ ಇಲ್ಲದ ಕಡ್ಡಿಯಂಗ ಅದು ಮ್ಯಾಲ ಬಂತು. ಅಣ್ಣ ಮುಖ ಎತ್ತಿ ನನ್ನ ಕಡೆ ನೋಡಿದ. ಎರಡೇ ಮಾರು ದೂರ. ಆಮ್ಯಾಲ ಎರಡೂ ಬಂಪರು ಕೂಡಿದವು.

ಶೆವರ್ಲೆ ಹಿಂದಿನ ಸೀಟಿನಾಗ ಅಣ್ಣನ ತಲಿ ನನ್ನ ತೊಡಿ ಮ್ಯಾಲಿತ್ತು. ಗಾಡಿ ಇವರೇ ನಡಸಿದರು, ಜೀವಮಾನದಾಗ ಅದೊಂದೇ ಸಲ ಆ ಗಾಡಿ ಮುಟ್ಟಿದ್ದು. ದವಾಖಾನಿ ಮುಟ್ಟೂದರೊಳಗ ಅಣ್ಣ ಹೋಗಿದ್ದ.

ಮರುದಿನ ಮುಂಜಾನೆ ಕಾಚಿಗುಡದ ಪಡಸಾಲ್ಯಾಗ ಅವನನ್ನ ಗ್ವಾಡಿಗೆ ಒರಗಿಸಿ ಕುಂಡ್ರಿಸಿದ್ದರು, ಹಣಿ ತುಂಬ ವಿಭೂತಿ, ಕೊಳ್ಳಾಗ ಹೂವು. ಬಾಜೂಕ ನಮ್ಮವ್ವ ಅಂಬವ್ವ. ಒಂದು ಕಡೆ ಭಜನಿ ನಡದಿತ್ತು. ಬಂದವರಿಗೆಲ್ಲ ಇವರು ಒಂದೇ ಮಾತು ಹೇಳ್ತಿದ್ದರು. "ಕಲ್ಲು ಇಟ್ಟಿದ್ದ, ಕಲ್ಲು ಜಾರಿತು." ಟಾಂಗಾದವರು ಹಿಂದಿದ್ದರು, ಅವರಿಗೇನೂ ಕಂಡಿರಲಿಲ್ಲ. ನಮ್ಮ ಅತ್ತಿ ಮೂಲ್ಯಾಗ ಕುಂತು, ಪೂಜಿ ಮುರೀಲಿಲ್ಲ ನೋಡವಾ, ಅದಕ್ಕ ನನ್ನ ಮಗ ಉಳದ ಅಂತ ಯಾರಿಗೋ ಪಿಸುಮಾತು ಹೇಳಾಕತ್ತಿದ್ದಳು. ತವರಿಗೆ ಚಾಡಿ ಒಯ್ದದ್ದಕ್ಕೇ ಹಿಂಗಾತು ಅಂತ ಇನ್ನೊಬ್ಬಾಕಿ. ಅನ್ನವರ ಬಾಯಿಗೆ ಮಣ್ಣು ಬೀಳಲಿ. ನಾ ಮಾಡಿದ್ದು ತಪ್ಪಂತ ನನಗ ಆವತ್ತೂ ಅನಿಸಲಿಲ್ಲ, ಇವತ್ತೂ ಅನಿಸೂದಿಲ್ಲ. ಗಂಡ ಉಳೀಲಿ ಅಂತ ಬೇಡಿದ್ದೆ. ಉಳದ. ಅಕಾ ಅಲ್ಲಿ, ಕಂಬಕ್ಕ ಒರಗಿ ನಿಂತಿದ್ದ.

ಅವ್ವ ನನ್ನ ಕೈ ಹಿಡದಳು. ಎಲ್ಲಾರಿಗೂ ಕೇಳೂವಂಗ ಕೇಳಿದಳು, "ನೀ ಒಳಗೇ ಕುಂತಿದ್ದೆಲ್ಲ ಗಿರಿಜಾ. ಕಲ್ಲು ಜಾರಿತೇನು?"

ಇವರು ನನ್ನನ್ನೇ ನೋಡಾಕತ್ತಿದ್ದರು. ಭಜನಿ ಸಣ್ಣಗಾತು.

"ಜಾರಲಿಲ್ಲವ್ವ," ಅಂದೆ. "ಒದ್ದರು."

 ಅವ್ವ ಸರದು ಕುಂತು, ಅಣ್ಣನ ಬಾಜೂಕ ನನಗ ಜಾಗಾ ಮಾಡಿದಳು. ಇವರು ಕಂಬ ಬಿಟ್ಟು ಹೊರಗ ಹೋದರು. ಸ್ವಲ್ಪ ಹೊತ್ತಿಗೆ ಅಂಗಳದಿಂದ ಅವರ ದನಿ ಬಂತು. "ಗಿರಿಜಾ, ನಡಿ, ಮನಿಗೆ ಹೋಗೂಣು."

ನಾ ಏಳಲಿಲ್ಲ.